ಮಗು ಹುಟ್ಟಿದ ಮೇಲಿನ ಎರಡು ಗಂಟೆ

9 ನವೆಂಬರ್ 2024, ಶನಿವಾರ. ಕನಕಪುರ

ತಿಂಗಳ ಒಂಬತ್ತನೇ ತಾರೀಖು. ಎಂಟು ಗಂಟೆಗೆಲ್ಲ ಆಸ್ಪತ್ರೆ ಮುಂದೆ ಬಸುರಿಯರ ಸಾಲು. ಕೋಡಿಹಳ್ಳಿ, ಸಾತನೂರು ಕಡೆಯಿಂದ ಮೊದಲನೇ ಬಸ್ಸಿಗೆ ಹೊರಟವರು. ಎಷ್ಟೋ ಜನ ತಿಂಡಿಯನ್ನೇ ತಿಂದಿರಲಿಲ್ಲ. ರಕ್ತ ಪರೀಕ್ಷೆ ಎಂದರೆ ಹಸಿದ ಹೊಟ್ಟೆಯಲ್ಲೇ ಹೋಗಬೇಕೆಂದು ಊರಲ್ಲಿ ಯಾರೋ ಹೇಳಿ ಕಳಿಸಿದ್ದಾರೆ. ಬಸುರಿಯ ಸಕ್ಕರೆ ಪರೀಕ್ಷೆಗೆ ಉಪವಾಸ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಸಾಕು. ಆಶಾ ಅಕ್ಕಂದಿರನ್ನು ಕಳಿಸಿ ಇಡ್ಲಿ ತರಿಸಿದ ಮೇಲೆ ಸಾಲಿನಲ್ಲಿ ಮಾತು ಶುರುವಾಯಿತು.

2016ರಿಂದ ಈ ಪದ್ಧತಿ. ಪ್ರತಿ ತಿಂಗಳ ಈ ದಿನ ತಜ್ಞ ವೈದ್ಯರು ಬಸುರಿಯರನ್ನು ನೋಡಬೇಕು, ತೊಂದರೆ ಬರಬಹುದಾದವರನ್ನು ಗುರುತಿಸಿ ತಾಯಿ ಕಾರ್ಡಿನ ಮೇಲೆ ಕೆಂಪು ಗುರುತು ಹಾಕಬೇಕು. ನನ್ನ ಕೆಲಸ ಇರುವುದು ಲೇಬರ್ ರೂಮಿನಲ್ಲಿ. ರಾಮನಗರ ಜಿಲ್ಲೆಯ ತಾಲ್ಲೂಕುಗಳನ್ನೆಲ್ಲ ಸುತ್ತಿ ನರ್ಸ್‌ಗಳ ಜೊತೆ ನಿಂತು ಹೆರಿಗೆ ಮಾಡಿಸುವುದು, ಅವರ ಕೈ ಪಳಗಿಸುವುದು. ಆದರೂ ಒಂಬತ್ತರಂದು ಈ ಸಾಲಿನ ಹತ್ತಿರ ನಿಲ್ಲುವುದನ್ನು ತಪ್ಪಿಸುವುದಿಲ್ಲ. ಲೇಬರ್ ರೂಮಿನಲ್ಲಿ ನಡುರಾತ್ರಿ ನನ್ನೆದುರು ಬರುವ ಕಷ್ಟದ ಬೇರು ಇಲ್ಲೇ ಇರುತ್ತದೆ.

ಇವತ್ತು ಕಂಡದ್ದು ಕಾಡಂಚಿನ ಊರಿನ ಹುಡುಗಿ. ಎಂಟು ತಿಂಗಳು ತುಂಬಿದೆ, ಹಿಮೋಗ್ಲೋಬಿನ್ 7.4. ತಾಯಿ ಕಾರ್ಡಿನಲ್ಲಿ ಪ್ರತಿ ತಿಂಗಳೂ ಕಬ್ಬಿಣದ ಮಾತ್ರೆ ಕೊಟ್ಟ ಗುರುತಿದೆ. ನುಂಗಿದೆಯಾ ತಾಯಿ ಎಂದರೆ ತಲೆ ತಗ್ಗಿಸಿದಳು. "ಕಪ್ಪಗೆ ಹೋಗುತ್ತೆ ಸಿಸ್ಟರ್. ಮಗೂನೂ ಕಪ್ಪಾಗುತ್ತೆ ಅಂದ್ರು ಅತ್ತೆ. ಬುಟ್ಬುಟ್ಟೆ." ಜೊತೆಗೆ ಬಂದಿದ್ದ ಅತ್ತೆಯನ್ನೂ ಕೂರಿಸಿಕೊಂಡೆ. ಕಬ್ಬಿಣ ಹೊಟ್ಟೆಯಲ್ಲಿ ಉಳಿದದ್ದು ಹಾಗೆ ಕಪ್ಪಗೆ ಹೊರಗೆ ಹೋಗುತ್ತದಮ್ಮ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಿವರಿಸಿದೆ. ಆಕೆ ಕೆಟ್ಟ ಹೆಂಗಸಲ್ಲ. ಸೊಸೆಯ ಕಾಲು ಊದಿದೆಯಾ ಎಂದು ದಿನಾ ಒತ್ತಿ ನೋಡುತ್ತಾಳಂತೆ. ಅವಳಿಗೆ ತಿಳಿಸಿ ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ಹುಡುಗಿಗೆ ಕಬ್ಬಿಣದ ಇಂಜೆಕ್ಷನ್ನನ್ನು ಡ್ರಿಪ್ಪಿನಲ್ಲಿ ಕೊಡಲು ಡಾಕ್ಟರು ಬರೆದರು. ಮೈಯಲ್ಲಿ ರಕ್ತ ತುಂಬಿರುವ ಹೆಂಗಸು ಹೆರಿಗೆಯಲ್ಲಿ ಅರ್ಧ ಲೀಟರ್ ಕಳೆದುಕೊಂಡರೂ ತಡೆದುಕೊಳ್ಳುತ್ತಾಳೆ. ಇವಳಿಗೆ ಆ ಅರ್ಧ ಲೀಟರೇ ಪ್ರಾಣಕ್ಕೆ ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ರಕ್ತಹೀನರು ಶೇ 45.7. ನಾನು ನೋಡುವ ಇಬ್ಬರಲ್ಲಿ ಒಬ್ಬಳು ಎಂದೇ ಲೆಕ್ಕ.

ಅವಳ ಊರಿಗೆ ಕತ್ತಲಾದ ಮೇಲೆ ಗಾಡಿಯವರು ಬರಲು ಒಪ್ಪುವುದಿಲ್ಲ. ಆನೆ ದಾಟುವ ದಾರಿ. ದಿನ ತುಂಬುವ ಒಂದು ವಾರ ಮೊದಲೇ ಕನಕಪುರದಲ್ಲಿರುವ ಚಿಕ್ಕಮ್ಮನ ಮನೆಗೆ ಕರೆತರುವುದೆಂದು ಅತ್ತೆಯಿಂದ ಮಾತು ತೆಗೆದುಕೊಂಡೆ. ಆಶಾ ಅಕ್ಕನ ಪುಸ್ತಕದಲ್ಲಿ ಅದನ್ನು ಬರೆಸಿಯೂ ಬಂದೆ.

12 ನವೆಂಬರ್, ಮಂಗಳವಾರ

ನಾಳೆ ಚನ್ನಪಟ್ಟಣದಲ್ಲಿ ಉಪಚುನಾವಣೆ ಮತದಾನ. ಮೈಕಿನ ಸದ್ದು ನಿಂತಿದೆ. ಊರಿಗೆ ಊರೇ ಸುಧಾರಿಸಿಕೊಳ್ಳುತ್ತಿದೆ.

ಇವತ್ತು ಹೋದ ಆಸ್ಪತ್ರೆಯ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಲೇಬರ್ ರೂಮು ಚೊಕ್ಕಟವಾಗಿತ್ತು, ವಾರ್ಮರ್ ಕೆಲಸ ಮಾಡುತ್ತಿತ್ತು, ಮಗುವಿಗೆ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ಸಿಗುವಂತಿತ್ತು. ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಯಲೆಂದು ಕೊಡುವ ಆಕ್ಸಿಟೋಸಿನ್ ಮಾತ್ರ ಟ್ರೇಯಲ್ಲಿ, ಕಿಟಕಿಯ ಬಿಸಿಲಿಗೆ. ಎಷ್ಟು ದಿನದಿಂದ ಹೀಗಿದೆ ಎಂದರೆ ಕೈಗೆ ಬೇಗ ಸಿಗಲಿ ಅಂತ ಯಾವಾಗಲೂ ಇಲ್ಲೇ ಇಡುತ್ತೇವೆ ಎಂದರು. ಫ್ರಿಜ್ ಹತ್ತು ಹೆಜ್ಜೆ ಆಚೆ ಲಸಿಕೆಯ ಕೋಣೆಯಲ್ಲಿದೆ, ರಾತ್ರಿ ಅದಕ್ಕೆ ಬೀಗ.

ಈ ಔಷಧ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಸೆಕೆಯಲ್ಲಿಟ್ಟರೆ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಶಕ್ತಿ ಮಾತ್ರ ಹೋಗುತ್ತದೆ. ನರ್ಸು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ ಎಂದುಕೊಂಡಿರುತ್ತಾಳೆ. ಮಗು ಹೊರಬಂದ ಒಂದು ನಿಮಿಷದೊಳಗೆ ತೊಡೆಗೆ ಹತ್ತು ಯೂನಿಟ್ ಕೊಟ್ಟಿರುತ್ತಾಳೆ, ಕೇಸ್ ಶೀಟಿನಲ್ಲಿ ಬರೆದಿರುತ್ತಾಳೆ. ಗರ್ಭಕೋಶ ಮಾತ್ರ ಬಿಗಿಯುವುದಿಲ್ಲ. ಬೀಗದ ಕೈಯನ್ನು ರಾತ್ರಿ ಡ್ಯೂಟಿಯವರ ಕೈಗೇ ಕೊಡಬೇಕೆಂದು ಗೋಡೆಗೆ ಬರೆದು ಅಂಟಿಸಿದೆ, ವೈದ್ಯಾಧಿಕಾರಿಯ ಸಹಿಯನ್ನೂ ಹಾಕಿಸಿದೆ. ಬಿಸಿಲಲ್ಲಿದ್ದ ಆ ಡಬ್ಬಿಯನ್ನು ಬಳಸದಂತೆ ತೆಗೆಸಿದ ಮೇಲೇ ಅಲ್ಲಿಂದ ಹೊರಟದ್ದು.

24 ನವೆಂಬರ್, ಭಾನುವಾರ. ರಾಮನಗರ

ಬಿಡುವಿದ್ದುದರಿಂದ ನಮ್ಮೂರಿನ ಹಳೆಯ ಕಥೆ ಓದುತ್ತ ಕೂತೆ. ರಾಮನಗರ ಇನ್ನೂ ಕ್ಲೋಸ್‌ಪೇಟೆ ಎನಿಸಿಕೊಳ್ಳುತ್ತಿದ್ದ ಕಾಲ. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. 1930ರ ದಶಕದಲ್ಲಿ ಅಂಥದೇ ಒಂದು ಘಟಕ ಇಲ್ಲಿಗೂ ಬಂತು. ಆಸ್ಪತ್ರೆಯಲ್ಲಿ ಕೂತು ರೋಗಿಗಾಗಿ ಕಾಯುವ ಬದಲು ಊರೂರಿಗೆ ಹೋಗಿ ಮಲೇರಿಯಾ, ಕುಡಿಯುವ ನೀರು, ಕಕ್ಕಸು, ಬಸುರಿ ಬಾಣಂತಿ ಎಲ್ಲವನ್ನೂ ನೋಡುವ ಕ್ರಮ ಅದು. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ನಾವು ಕರೆಯುವುದರ ಬೀಜ ಇಂಥ ಘಟಕಗಳಲ್ಲಿದೆ. ಅದು ಈ ಮಣ್ಣಿನಲ್ಲೂ ಮೊಳೆತಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ.

1950ರ ದಶಕದ ಆರಂಭದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಅವರ ಕಾಲ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡಾ. ಅಬ್ರಹಾಂ ಸ್ಟೋನ್ ಎಂಬವರು ಬಂದು, ಹೆರಿಗೆಗಳ ನಡುವೆ ಅಂತರ ಇಡುವುದನ್ನು ಕಲಿಸಲು ಎರಡು ಜಾಗ ಆರಿಸಿಕೊಂಡರು. ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಮುಟ್ಟಿನ ದಿನ, ಗರ್ಭ ನಿಲ್ಲಬಹುದಾದ ದಿನ, ನಿಲ್ಲದ ದಿನ ಇವುಗಳಿಗೆ ಬೇರೆ ಬೇರೆ ಬಣ್ಣದ ಮಣಿ ಪೋಣಿಸಿ ಹೆಂಗಸರ ಕೈಗೆ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಪ್ರಯೋಗ ಫಲ ಕೊಡಲಿಲ್ಲ. ಗಂಡ ಒಪ್ಪದಿದ್ದರೆ ಹೆಂಡತಿ ಎಷ್ಟು ಮಣಿ ಎಣಿಸಿದರೆ ಏನು ಬಂತು? ಆದರೆ ಉದ್ದೇಶವನ್ನು ನಾನು ತಳ್ಳಿಹಾಕಲಾರೆ. ಹಾಲು ಬಿಡಿಸುವ ಮೊದಲೇ ಮತ್ತೆ ಬಸುರಾದವಳು ಕಳೆದ ಹೆರಿಗೆಯ ರಕ್ತವನ್ನೇ ಇನ್ನೂ ತುಂಬಿಕೊಂಡಿರುವುದಿಲ್ಲ. ಈಗ ಅಂತರಾ ಇಂಜೆಕ್ಷನ್ ಇದೆ, ಹೆರಿಗೆಯಾದ ಕೂಡಲೇ ಹಾಕುವ ಕಾಪರ್-ಟಿ ಇದೆ. ಹೆಂಗಸು ತಾನೇ ತೀರ್ಮಾನಿಸಬಹುದಾದ ದಾರಿಗಳು ಇವು. ಇದಕ್ಕೆ ದಶಕಗಳೇ ಹಿಡಿದವು.

8 ಡಿಸೆಂಬರ್, ಭಾನುವಾರ

ಬಳ್ಳಾರಿಯಲ್ಲಿ ಐದನೆಯ ತಾಯಿಯೂ ಹೋದಳು. ನವೆಂಬರ್ 9ರಿಂದ 11ರೊಳಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದವರು. ಒಂಬತ್ತರಂದು ನಾನು ಕನಕಪುರದ ಸಾಲಿನಲ್ಲಿ ಇಡ್ಲಿ ಹಂಚಿಸುತ್ತಿದ್ದೆ. ಅದೇ ದಿನಗಳಲ್ಲಿ ಅಲ್ಲಿ ಅವರೂ ತಾಯಿ ಕಾರ್ಡು ಹಿಡಿದು, ಮಗುವಿನ ಬಟ್ಟೆಯ ಚೀಲ ತೆಗೆದುಕೊಂಡು, ನಮ್ಮನ್ನೇ ನಂಬಿ ಬಂದಿದ್ದರು. ಡ್ರಿಪ್ಪಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿದ್ದಿದೆ. ಅದನ್ನು ತಯಾರಿಸಿದ ಕಂಪನಿಯ ಬಾಟಲುಗಳನ್ನು ರಾಜ್ಯದಾದ್ಯಂತ ನಿಲ್ಲಿಸಿದ್ದಾರೆ. ನಮ್ಮಲ್ಲೂ ಸ್ಟೋರು ತಪಾಸಣೆ ಮುಗಿದಿದೆ.

ಮೊನ್ನೆ ಟೇಬಲ್ ಮೇಲಿದ್ದವಳು ನೋವಿನ ನಡುವೆ ನನ್ನ ಕೈ ಹಿಡಿದು ಕೇಳಿದಳು: "ಸಿಸ್ಟರ್, ಈ ಬಾಟ್ಲು ಯಾವ ಕಂಪನೀದು?" ಲೇಬಲ್ ಅವಳ ಕಡೆ ತಿರುಗಿಸಿ ತೋರಿಸಿದೆ, ಬ್ಯಾಚ್ ನಂಬರನ್ನು ಅವಳೆದುರೇ ಕೇಸ್ ಶೀಟಿಗೆ ಬರೆದೆ. ಇನ್ನು ಮುಂದೆ ಎಲ್ಲರಿಗೂ ಹೀಗೇ ಮಾಡಿ ಎಂದು ನರ್ಸ್ ಹುಡುಗಿಯರಿಗೆ ಹೇಳಿದ್ದೇನೆ. ಬೆಳಕಿಗೆ ಹಿಡಿದು ನೋಡಿ, ಬಾಟಲು ಅದುಮಿ ಸೋರಿಕೆ ಇದೆಯಾ ನೋಡಿ, ಆಮೇಲೆ ಚುಚ್ಚಿ. ಕಣ್ಣಿಗೆ ಕಾಣದ ದೋಷವನ್ನು ನರ್ಸಿನ ಕೈ ಹಿಡಿಯಲಾರದು, ಅದು ಪ್ರಯೋಗಾಲಯದ ಕೆಲಸ, ಖರೀದಿ ಮಾಡುವವರ ಹೊಣೆ. ಆದರೆ ಕೇಳುವ ಹಕ್ಕು ಆ ತಾಯಿಗಿದೆ.

ಎಷ್ಟು ವರ್ಷ ಮನೆ ಮನೆ ತಿರುಗಿ ಆಸ್ಪತ್ರೆಗೆ ಬನ್ನಿ, ಆಸ್ಪತ್ರೆಗೆ ಬನ್ನಿ ಎಂದು ಕರೆತಂದೆವು. ಬಂದವರನ್ನು ಕಾಪಾಡದಿದ್ದರೆ ಮುಂದಿನ ಮನೆಯ ಬಾಗಿಲನ್ನು ಯಾವ ಮುಖ ಇಟ್ಟುಕೊಂಡು ತಟ್ಟುವುದು? ನಿದ್ದೆ ಬರುತ್ತಿಲ್ಲ.

17 ಡಿಸೆಂಬರ್, ಮಂಗಳವಾರ. ರಾಮನಗರ

ಇಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಅದರ ಹಿಂದಿನ ಗಲ್ಲಿಗಳಲ್ಲಿ ನೂಲು ಬಿಚ್ಚುವ ಮನೆಗಳಿವೆ. ಆಶಾ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದೆ. ಕುದಿನೀರಿನ ಆವಿ, ಸತ್ತ ಹುಳುವಿನ ವಾಸನೆ, ನೆಲವೆಲ್ಲ ಒದ್ದೆ. ಏಳು ತಿಂಗಳ ಬಸುರಿಯೊಬ್ಬಳು ಬೇಸಿನ್ ಮುಂದೆ ನಿಂತಿದ್ದಳು. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ಕೆಲಸ.

ರಕ್ತ ಕಡಿಮೆ ಇದೆಯೇ ಎಂದು ನೋಡಲು ನಾವು ಮೊದಲು ಉಗುರು, ಅಂಗೈ ನೋಡುತ್ತೇವೆ. ಇವಳ ಬೆರಳ ತುದಿಗಳು ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿವೆ, ಉಗುರಿನ ಅಂಚು ಬಿರಿದಿದೆ. ಅಲ್ಲಿಂದ ಏನನ್ನೂ ಹೇಳಲಾಗದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ನಾಲಿಗೆ ಚಾಚಿಸಿದೆ. ಎರಡೂ ಬಿಳಿಚಿದ್ದವು. ಸಂಜೆ ಪರೀಕ್ಷೆ ಮಾಡಿಸಿದಾಗ 8.1 ಬಂತು. ನೂಲಿನ ಗಲ್ಲಿಗೆ ಹೋಗುವ ಎಲ್ಲ ಹೊಸ ನರ್ಸ್‌ಗಳಿಗೂ ಇದನ್ನು ತಿಳಿಸಬೇಕು. ಉಗುರು ನೋಡಿ ಸುಮ್ಮನಾಗಬೇಡಿ, ರೆಪ್ಪೆ ನೋಡಿ.

ಮಾಲೀಕರ ಮನೆಯಾಕೆ ಬಂದು ಕುರ್ಚಿ ಕೊಟ್ಟಳು. ಇವಳಿಗೂ ಒಂದು ಕುರ್ಚಿ ಹಾಕಿ ಕೂತು ಮಾಡುವ ಕೆಲಸ ಕೊಡಬಹುದಲ್ಲ ಎಂದೆ. ಗೂಡು ಆರಿಸುವ ಕೆಲಸಕ್ಕೆ ಹಾಕ್ತೀನಿ ಸಿಸ್ಟರಮ್ಮ ಎಂದಳು. ಮುಂದಿನ ವಾರ ಆಶಾ ಅಕ್ಕ ಹೋಗಿ ನೋಡುತ್ತಾಳೆ.

25 ಡಿಸೆಂಬರ್, ಬುಧವಾರ. ಮಾಗಡಿ

ಸೂಲಗಿತ್ತಿ ನರಸಮ್ಮನವರು ತೀರಿಕೊಂಡದ್ದು 2018ರ ಇದೇ ದಿನ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ಕಾಸೂ ಮುಟ್ಟದವರು. ಅದೇ ವರ್ಷ ಪದ್ಮಶ್ರೀ ಬಂದಿತ್ತು.

ಮಾಗಡಿ ಸೀಮೆಯಲ್ಲೂ ಅಂಥ ಅಜ್ಜಿಯರು ಒಬ್ಬಿಬ್ಬರು ಉಳಿದಿದ್ದಾರೆ. ಸಾವನದುರ್ಗದ ಆಚೆಯ ಹಳ್ಳಿಯೊಂದರಲ್ಲಿ ಒಬ್ಬರನ್ನು ಮಾತಾಡಿಸಿಕೊಂಡು ಬಂದೆ. ಕಣ್ಣು ಮಂಜಾಗಿದೆ, ಮಾತು ಗಟ್ಟಿ. ಮಗು ಆದ ಮೇಲೆ ಏನು ಮಾಡ್ತಿದ್ರಿ ಅಜ್ಜಿ ಎಂದೆ. "ಏನ್ ಮಾಡಾದು? ಬೆಳಗಾಗೋಗಂಟ ಅಲ್ಲೇ ಕುಂತಿರ್ತಿದ್ದೆ. ಹೊಟ್ಟೆ ನೀವ್ತಿದ್ದೆ. ಮಾಸು ಪೂರ್ತಿ ಬಿತ್ತಾ ನೋಡ್ತಿದ್ದೆ. ಮಗೀನ ನೋಡಾಕೆ ಊರೇ ಬತ್ತದೆ, ಆ ಹೆಣ್ಣನ್ನ ಯಾರು ನೋಡ್ಯಾರು?"

ಇದನ್ನು ನಾನು ಓದಿದ ಯಾವ ಪಠ್ಯದಲ್ಲೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಹಾಗೆಂದು ಹಳೆಯ ಕಾಲವನ್ನು ಹೊಗಳಲಾರೆ. ಅಜ್ಜಿಯೇ ಹೇಳಿದರು, ಸುರಿಯಲು ಶುರುವಾದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ದೇವರಿಗೆ ಮುಡಿಪು ಕಟ್ಟುತ್ತಿದ್ದರು. ಅವರ ಸ್ವಂತ ತಂಗಿ ಹಾಗೇ ಹೋದದ್ದು. 2001ರಿಂದ 2003ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಲೆಕ್ಕಕ್ಕೆ ಅದು 69ಕ್ಕೆ ಇಳಿದಿದೆ. ಆಸ್ಪತ್ರೆಯಲ್ಲಿ ಆಗುವ ಹೆರಿಗೆ ಎರಡು ದಶಕದ ಹಿಂದೆ ಶೇ 65ರ ಆಸುಪಾಸಿನಲ್ಲಿತ್ತು, ಈಗ ಶೇ 97. 2005ರ ಜನನಿ ಸುರಕ್ಷಾ, 2008ರ ನವೆಂಬರ್ ಒಂದರಂದು ಓಡಲು ಶುರುವಾದ 108, ಬಾಣಂತಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದೆಂದ 2011ರ ಜನನಿ ಶಿಶು ಸುರಕ್ಷಾ, ಬಿಸಿಲು ಮಳೆ ಎನ್ನದೆ ತಿರುಗಿದ ಆಶಾ ಅಕ್ಕಂದಿರು, ಎಲ್ಲ ಸೇರಿ ಆದ ಕೆಲಸ ಇದು. ಆದರೂ ನೆರೆಯ ಕೇರಳದಲ್ಲಿ ಅದೇ ಲೆಕ್ಕ 19.

ನಮ್ಮ ರಾಜ್ಯದಿಂದಲೇ ಜಗತ್ತಿಗೆ ಹೋದ ಪಾಠವೂ ಒಂದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುತ್ತಿದ್ದ 1,620 ತಾಯಂದಿರು. ಅವರಲ್ಲಿ ಅರ್ಧದಷ್ಟು ಜನರಿಗೆ ಎಎನ್‌ಎಂ ಸಿಸ್ಟರುಗಳೇ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಲ್ಲಿ ರಕ್ತ ಅಳೆಯಲು ಬಳಸಿದ್ದು ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ. ತಾಯಿಯ ಸೊಂಟದ ಕೆಳಗೆ ಹಾಸಿದರೆ ರಕ್ತವೆಲ್ಲ ಅದರ ಬಾಯಿಗೆ ಇಳಿದು ಗೆರೆ ಮುಟ್ಟುತ್ತದೆ. ಕಣ್ಣಂದಾಜಿನಲ್ಲಿ ನಾವೆಲ್ಲ ಯಾವಾಗಲೂ ಕಡಿಮೆಯೇ ಹೇಳುತ್ತೇವೆ. ಅರ್ಧ ಲೀಟರ್ ಹೋಗಿದ್ದರೆ ಕಾಲು ಲೀಟರ್ ಎನ್ನುತ್ತೇವೆ. ಗೆರೆಗೆ ಆ ಕನಿಕರ ಇಲ್ಲ.

6 ಜನವರಿ 2025, ಸೋಮವಾರ

ನಿನ್ನೆ ರಾತ್ರಿಯದನ್ನು ಮರೆಯುವ ಮೊದಲು ಬರೆಯಬೇಕು.

ಎರಡನೇ ಹೆರಿಗೆ. ನೋವು ಬೇಗ ಬೇಗ ಬಂದು 1.40ಕ್ಕೆ ಹೆಣ್ಣು ಮಗು. ಚೆನ್ನಾಗಿ ಅತ್ತಿತು. ತಾಯಿಯ ಎದೆಯ ಮೇಲೇ ಹಾಕಿ ಒರೆಸಿದೆವು. ಆಕ್ಸಿಟೋಸಿನ್ ನಿಮಿಷದೊಳಗೆ ಕೊಟ್ಟಾಯಿತು. ಮಾಸು ಪೂರ್ತಿ ಬಂತು, ತಿರುಗಿಸಿ ನೋಡಿದೆ, ಹರಿದಿರಲಿಲ್ಲ. ಕೋಣೆಯಲ್ಲಿ ನೆಮ್ಮದಿ. ಒಬ್ಬ ನರ್ಸು ತೂಕ ಮಾಡಲು, ಇನ್ನೊಬ್ಬಳು ಕಾಲಿಗೆ ಗುರುತಿನ ಪಟ್ಟಿ ಕಟ್ಟಲು ಮಗುವಿನ ಕಡೆ ಹೋದರು. ಬಾಗಿಲಲ್ಲಿ ಅಜ್ಜಿ, ಅತ್ತೆ, ಗಂಡ. ಎಲ್ಲರೂ ವಾರ್ಮರ್ ಕಡೆಯೇ ನೋಡುತ್ತಿದ್ದಾರೆ.

ನಾನು ತಾಯಿಯ ಹತ್ತಿರ ನಿಂತಿದ್ದೆ. ಕೆಳಗೆ ಹಾಸಿದ ಚೀಲದಲ್ಲಿ ರಕ್ತ 300 ಮಿಲಿಲೀಟರಿನ ಗೆರೆ ದಾಟಿತ್ತು. ನಾಡಿ 112. ಹೊಕ್ಕುಳಿನ ಕೆಳಗೆ ಕೈಯಿಟ್ಟರೆ ಗರ್ಭಕೋಶ ಬಿಗಿದು ಕೈಗೆ ತಾಕಬೇಕು. ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಅಷ್ಟರಲ್ಲಿ ಅವಳು ಮೆಲ್ಲಗೆ ಅಂದಳು: "ಅಕ್ಕಾ, ಬಾಯಾರ್ತೈತೆ."

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದ ರಕ್ತನಾಳಗಳ ಬಾಯಿ ಮುಚ್ಚುವುದು ಗರ್ಭಕೋಶದ ಸ್ನಾಯು ಬಿಗಿದಾಗ ಮಾತ್ರ. ಅದು ಬಿಗಿಯದಿದ್ದರೆ, ಯಾರೂ ಏನೂ ಮಾಡದಿದ್ದರೆ, ತಾಯಿಗೆ ಸುಮಾರು ಎರಡು ಗಂಟೆಯ ಕಾಲಾವಕಾಶ. ರಕ್ತಹೀನಳಾದರೆ ಅಷ್ಟೂ ಇಲ್ಲ.

ಕೂಗಿ ಕರೆದೆ. ಆಮೇಲೆ ನಡೆದದ್ದೆಲ್ಲ ಒಟ್ಟೊಟ್ಟಿಗೆ. ನಾನು ಹೊಟ್ಟೆ ತಿಕ್ಕಲು ಹಿಡಿದೆ. ಒಬ್ಬಳು ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಹಾಕಿದಳು, ಫ್ರಿಜ್‌ನಿಂದ ತೆಗೆದದ್ದು. ಇನ್ನೊಬ್ಬಳು ಒಂದು ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ಡನ್ನು ನಿಧಾನವಾಗಿ ನರಕ್ಕೆ ಕೊಟ್ಟಳು. ಮೂತ್ರದ ಚೀಲ ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ, ಕೊಳವೆ ಹಾಕಿ ಖಾಲಿ ಮಾಡಿದೆವು. ಡ್ಯೂಟಿ ಡಾಕ್ಟರ್ ಮೇಡಂ ಓಡಿ ಬಂದು ಎಲ್ಲಾದರೂ ಹರಿದಿದೆಯೇ ಎಂದು ಒಳಗೆಲ್ಲ ನೋಡಿದರು. ಇಂಥ ಕೆಲಸಗಳನ್ನು ಒಂದಾದ ಮೇಲೊಂದು ಮಾಡಿ ಕಾಯುತ್ತ ಕೂರದೆ ಒಟ್ಟಿಗೇ ಮಾಡಬೇಕೆಂದು 2023ರಲ್ಲಿ ಬಂದ ಇ-ಮೋಟಿವ್ ಅಧ್ಯಯನ ಹೇಳಿದೆ. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆ. ರಕ್ತ ಅಳೆಯುವ ಚೀಲ, ಒಟ್ಟಿಗೇ ಮಾಡುವ ಈ ಕೆಲಸಗಳು, ಎರಡನ್ನೂ ಜೋಡಿಸಿದ ಕಡೆ ರಕ್ತಸ್ರಾವದ ದೊಡ್ಡ ಅನಾಹುತಗಳು ಶೇ 60ರಷ್ಟು ಇಳಿದವು. ತರಬೇತಿಯಲ್ಲಿ ಇದನ್ನು ಬೊಂಬೆಯ ಮೇಲೆ ಮಾಡಿಸುವಾಗ ಹುಡುಗಿಯರು ನಾಚಿ ನಗುತ್ತಾರೆ. ನಿನ್ನೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಕೈಗಳು ತಾವೇ ಹೋದವು.

ಗರ್ಭಕೋಶ ನನ್ನ ಅಂಗೈ ಕೆಳಗೆ ಗಟ್ಟಿಯಾದದ್ದು ತಿಳಿಯಿತು. ಚೀಲದ ಗೆರೆ 750ರ ಹತ್ತಿರ ನಿಂತಿತು. ಆದರೂ ಕೈ ತೆಗೆಯಲಿಲ್ಲ. ನಾಲ್ಕು ಗಂಟೆವರೆಗೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಹೊಟ್ಟೆ, ಪ್ಯಾಡು. ಮಗು ಹಾಲು ಚೀಪಲು ಹಿಡಿದಿತ್ತು. ಚೀಪಿದಷ್ಟೂ ಗರ್ಭಕೋಶ ಬಿಗಿಯುತ್ತದೆ, ಮಗುವೂ ತಾಯಿಯನ್ನು ಉಳಿಸುತ್ತದೆ ಎಂದು ಆ ಅತ್ತೆಗೆ ಹೇಳಿದೆ. ಆಕೆ ಸೊಸೆಯ ತಲೆ ನೇವರಿಸುತ್ತ ಅತ್ತರು.

16 ಜನವರಿ, ಗುರುವಾರ. ಮಾಗಡಿ ಕಡೆ

ಸಂಕ್ರಾಂತಿ ಮುಗಿಯುತ್ತಲೇ ಬಾಣಂತಿಯರ ಮನೆ ಸುತ್ತಲು ಹೊರಟೆವು. ಆಶಾ ಅಕ್ಕ ಹೋಗಬೇಕಾದ ದಿನಗಳು ಗೊತ್ತೇ ಇವೆ: ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು.

ಒಂದು ಮನೆ. ಏಳನೇ ದಿನ. ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರು ಮಾತ್ರ. ಆಶಾ ಅಕ್ಕ ತನ್ನ ಚೀಲ ಬಿಚ್ಚಿದಳು. ತಕ್ಕಡಿ ತೆಗೆದು ಮಗುವನ್ನು ತೂಗಿದಳು, ಥರ್ಮಾಮೀಟರ್ ಇಟ್ಟು ಜ್ವರ ನೋಡಿದಳು, ಗಡಿಯಾರ ಹಿಡಿದು ಉಸಿರು ಎಣಿಸಿದಳು, ಹೊಕ್ಕುಳು ನೋಡಿದಳು. ಎಲ್ಲ ಒಪ್ಪವಾಗಿ. ತಾಯಿಯನ್ನು ಏನಮ್ಮಾ ಚೆನ್ನಾಗಿದ್ದೀಯಾ ಎಂದು ಕೇಳಿದಳು. ಚೆನ್ನಾಗಿದ್ದೀನಿ, ತಲೆನೋವು ಮಾತ್ರ ಎಂದಳು. "ಶೀತ ನೆತ್ತಿಗೇರೈತೆ, ಕಷಾಯ ಕೊಡ್ತಿದ್ದೀವಿ," ಅಂದರು ಬಾಣಂತಿಯ ತಾಯಿ.

ನನ್ನ ಬ್ಯಾಗಿನಲ್ಲಿ ಬಿಪಿ ಮಿಷನ್ ಇತ್ತು. 160/110. ಎರಡನೇ ಸಲ ನೋಡಿದರೂ ಅದೇ. ಕಣ್ಣು ಮಂಜಾಗ್ತಿದೆಯಾ ಎಂದರೆ ಹೂಂ ಎಂದಳು. ಹೆರಿಗೆಯಾಯಿತು, ಇನ್ನು ಬಿಪಿ ಏನೂ ಮಾಡದು ಎಂದು ಜನ ತಿಳಿದಿರುತ್ತಾರೆ. ಹೆರಿಗೆಯಾಗಿ ಒಂದು ವಾರ ಕಳೆದ ಮೇಲೂ ಫಿಟ್ಸ್ ಬರಬಹುದು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಎಡಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಮೊದಲೇ ಮ್ಯಾಗ್ನೀಷಿಯಂ ಸಲ್ಫೇಟ್ ಸಿದ್ಧವಿಡಲು ಹೇಳಿದೆ. ಸಂಜೆಗೆ ಬಿಪಿ ಇಳಿದಿದೆ ಎಂದು ಸುದ್ದಿ ಬಂತು. ಮಗುವೂ ಜೊತೆಗೇ ಹೋಗಿದೆ, ಹಾಲು ಕುಡಿಯುತ್ತಿದೆ.

ದಾರಿಯುದ್ದಕ್ಕೂ ಆ ಚೀಲದ್ದೇ ಯೋಚನೆ. ಮಗುವಿಗಾಗಿ ತಕ್ಕಡಿ ಇದೆ, ಥರ್ಮಾಮೀಟರ್ ಇದೆ, ಗಡಿಯಾರ ಇದೆ, ಕಂಬಳಿಯೂ ಇದೆ. ತಾಯಿಯನ್ನು ಅಳೆಯಲು ಅದರಲ್ಲಿ ಏನೂ ಇಲ್ಲ. ಆಶಾ ಅಕ್ಕನ ತಪ್ಪೆಲ್ಲಿ? ಕೊಟ್ಟ ಚೀಲದಲ್ಲಿ ಇದ್ದದ್ದನ್ನೆಲ್ಲ ಅವಳು ಬಳಸಿದ್ದಳು.

10 ಮಾರ್ಚ್, ಸೋಮವಾರ. ರಾಮನಗರ

ತಾಯಂದಿರ ಸಾವಿನ ಬಗ್ಗೆ ಸರ್ಕಾರ ಮಾಡಿಸಿದ ಪರಿಶೀಲನೆಯ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ 464 ಸಾವು. ಶೇ 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು. ಈ ವಾಕ್ಯ ಓದಿ ಪುಟ ತಿರುಗಿಸಲು ನನ್ನಿಂದಾಗಲಿಲ್ಲ. ಮುನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಈಗ ಮಗು ಬಾಟಲಿ ಹಾಲು ಕುಡಿಯುತ್ತಿರಬಹುದು, ಇಲ್ಲವೇ ಮಗುವೂ ಇಲ್ಲದಿರಬಹುದು.

ಮನೆಯವರು ಹೊರಡಲು ತಡ ಮಾಡುವುದು, ದಾರಿಯಲ್ಲಿ ತಡವಾಗುವುದು, ಆಸ್ಪತ್ರೆ ಮುಟ್ಟಿದ ಮೇಲೆ ತಡವಾಗುವುದು. ಸಾವಿನ ತನಿಖೆಯಲ್ಲಿ ಈ ಮೂರನ್ನೂ ಬರೆಯುತ್ತೇವೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಇಪ್ಪತ್ತು ವರ್ಷ ದುಡಿದಿದ್ದೇವೆ, ಫಲವೂ ಕಂಡಿದೆ. ಮೂರನೆಯದು ನಮ್ಮ ಬಾಗಿಲ ಒಳಗೇ ಇದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡು, ಆಧಾರ್ ಇಲ್ಲವೆಂದು ವಾಪಸು ಕಳಿಸಿದ ಬಸುರಿ ಮನೆಯಲ್ಲೇ ಅವಳಿ ಮಕ್ಕಳೊಂದಿಗೆ ತೀರಿಕೊಂಡಳು. ಬಿಡದಿಯ ಕಾರ್ಖಾನೆಗಳ ಸುತ್ತ ಶೆಡ್ಡುಗಳಲ್ಲಿರುವ ಬಿಹಾರ, ಒಡಿಶಾದ ಹೆಂಗಸರ ಕೈಯಲ್ಲೂ ಆ ಕಾರ್ಡು ಇರುವುದಿಲ್ಲ. ಇರುಳಿಗರ ಹಾಡಿಗಳಲ್ಲೂ ಎಷ್ಟೋ ಜನರಿಗೆ ಇಲ್ಲ. ನೋವು ಬಂದವಳನ್ನು ಮೊದಲು ಟೇಬಲ್ ಮೇಲೆ ಹತ್ತಿಸಿ, ಕಾಗದ ಆಮೇಲೆ ನೋಡಿ ಎಂದು ಪ್ರತಿ ತರಬೇತಿಯ ಮೊದಲ ಮಾತಾಗಿ ಹೇಳುತ್ತಿದ್ದೇನೆ.

ಇವತ್ತು ಜಿಲ್ಲಾ ಕಚೇರಿಗೆ ಕೊಡಲು ಮನವಿ ಬರೆದು ಮುಗಿಸಿದೆ. ಎರಡೇ ಬೇಡಿಕೆ. ಹೆರಿಗೆಯಾದ ತಾಯಿಯನ್ನು ಎರಡು ಗಂಟೆ ಲೇಬರ್ ರೂಮಿನಿಂದ ಆಚೆ ಕಳಿಸಬಾರದು. ಆ ಎರಡು ಗಂಟೆಯೂ ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆಯಲು ಒಬ್ಬ ನರ್ಸು ಆ ತಾಯಿಗೆಂದೇ ಇರಬೇಕು, ಅವಳನ್ನು ಬೇರೆ ಕೆಲಸಕ್ಕೆ ಎಳೆಯಬಾರದು. ನಿಯಮ ಪುಸ್ತಕದಲ್ಲಿ ಈಗಾಗಲೇ ಇದೆ, ರಾತ್ರಿ ಪಾಳಿಯಲ್ಲಿ ಜನ ಇಲ್ಲ. ಎರಡನೆಯದು ಆಶಾ ಅಕ್ಕನ ಚೀಲಕ್ಕೆ ಒಂದು ಬಿಪಿ ಮಿಷನ್, ಅದನ್ನು ಬಳಸಲು ಒಂದು ದಿನದ ತರಬೇತಿ, ಎಷ್ಟು ಬಂದರೆ ಯಾರಿಗೆ ಫೋನ್ ಮಾಡಬೇಕೆಂಬ ಚೀಟಿ. ಒಮ್ಮೆಗೇ ಎಲ್ಲ ಕಡೆ ಆಗದಿದ್ದರೆ ಆಸ್ಪತ್ರೆಗೆ ದೂರವಿರುವ ಕಡೆಯಿಂದ ಶುರು ಮಾಡಿ ಎಂದು ಕೇಳಿ, ಕನಕಪುರದ ಕಾಡಂಚಿನ ಊರುಗಳನ್ನೂ ಸಾವನದುರ್ಗದ ಸುತ್ತಿನ ಹಳ್ಳಿಗಳನ್ನೂ ಪಟ್ಟಿಯ ಮೇಲೆ ಬರೆದಿದ್ದೇನೆ. ನಾಳೆ ಹನ್ನೊಂದಕ್ಕೆ ಭೇಟಿಗೆ ಸಮಯ ಕೊಟ್ಟಿದ್ದಾರೆ.